ಜೀಪು ಗುಡ್ಡ ಹತ್ತದಿದ್ದರೆ ತಪ್ಪು ಎಂಜಿನ್ನಿನದ್ದಲ್ಲ

ಮಳೆ ಹಿಡಿದು ಹದಿನೈದು ದಿನವಾದರೆ ಸಾಕು, ಮಲೆನಾಡಿನ ಗ್ಯಾರೇಜುಗಳ ಮುಂದೆ ಒಂದೇ ಮಾತು. 'ಈ ಎಂಜಿನ್ ಇಟ್ಕೊಂಡು ಏನ್ ಮಾಡ್ತೀರಿ ಮಾರಾಯ್ರೆ, ಎತ್ತಿ ಬಿಸಾಕಿ. ಟರ್ಬೋದು ಒಂದು ಕೂರಿಸಿ ಕೊಡ್ತೀನಿ, ಆಮೇಲೆ ನೋಡಿ ಹೆಂಗೆ ಹತ್ತುತ್ತೆ ಅಂತ.' ಕೇಳುವವನು ಹಳೇ ಮಹೀಂದ್ರಾ ಜೀಪಿನವನು. ಬೆಳಿಗ್ಗೆ ತೋಟಕ್ಕೆ ಆಳುಗಳನ್ನು ಬಿಟ್ಟು, ಮಧ್ಯಾಹ್ನ ಗೊಬ್ಬರ ಹೇರಿ, ಸಂಜೆ ಮತ್ತೆ ಆಳುಗಳನ್ನು ಮನೆ ಮುಟ್ಟಿಸುವವನು. ಹಿಂದಿನ ದಿನ ಯಾವುದೋ ಏರಿನಲ್ಲಿ ಜೀಪು ಜಾರಿ ನಿಂತಿರುತ್ತದೆ, ನಾಲ್ಕು ಜನ ಇಳಿದು ತಳ್ಳಿರುತ್ತಾರೆ, ಮರ್ಯಾದೆ ಹೋಗಿರುತ್ತದೆ. ಅವನು ಸಂಘದಲ್ಲಿ ಸಾಲ ತೆಗೆಯುತ್ತಾನೆ.

ನಾವು ಈ ಮಾತನ್ನು ಒಪ್ಪುವುದಿಲ್ಲ. ಹಳೇ ಡೀಸೆಲ್ ಜೀಪಿಗೆ ದೊಡ್ಡ ಎಂಜಿನ್ ಕೂರಿಸಿದರೆ ಅದು ಟಾರು ರಸ್ತೆಯಲ್ಲಿ ಜೋರಾಗಿ ಓಡುತ್ತದೆ, ನಿಜ. ಆದರೆ ಕೆಸರಿನ ಏರನ್ನು ಹತ್ತುವ ವಿಷಯದಲ್ಲಿ ಬಹುಪಾಲು ಅದು ಮೊದಲು ಎಲ್ಲಿ ನಿಲ್ಲುತ್ತಿತ್ತೋ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಲೆಕ್ಕವಿದೆ, ಫೋನಿನ ಕ್ಯಾಲ್ಕುಲೇಟರ್ ತೆಗೆದು ನೀವೇ ಹಾಕಿ ನೋಡಬಹುದು.

ನಮ್ಮ ಕಡೆಯ ಹಳೇ ಜೀಪುಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು 2112 ಸಿಸಿಯ ಪ್ಯೂಜೋ ಡೀಸೆಲ್. ಎಂಎಂ 540 ಅಂತ ನಾವು ಕರೆಯುವ ಜೀಪಿನ ಎಂಜಿನ್ ಅದೇ. ಅದರ ತಾಕತ್ತು 62 ಹಾರ್ಸ್‌ಪವರ್. ತಿರುವು ಬಲ, ಅಂದರೆ ಟಾರ್ಕ್, ಸುಮಾರು 12 ಕೆಜಿ-ಮೀಟರ್. ಒಂದು ಮೀಟರ್ ಉದ್ದದ ಸ್ಪ್ಯಾನರ್ ತುದಿಗೆ 12 ಕೆಜಿ ತೂಗುಹಾಕಿದರೆ ಬೋಲ್ಟಿನ ಮೇಲೆ ಎಷ್ಟು ತಿರುವು ಬೀಳುತ್ತದೋ ಅಷ್ಟು. ಕೇಳಲು ಕಡಿಮೆಯೇ. ಆದರೆ ಅದು ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಫೋರ್‌ವೀಲ್ ಲೋ ಹಾಕಿ ಫಸ್ಟ್ ಗೇರಿಗೆ ತಂದಾಗ ನಡುವೆ ಮೂರು ಕಡೆ ಅದು ಹೆಚ್ಚಾಗುತ್ತದೆ: ಗೇರ್‌ಬಾಕ್ಸಿನಲ್ಲಿ ಸುಮಾರು ನಾಲ್ಕು ಪಟ್ಟು, ಲೋ ಗೇರಿನಲ್ಲಿ ಸುಮಾರು ಎರಡೂವರೆ ಪಟ್ಟು, ಕ್ರೌನ್-ಪಿನಿಯನ್ನಿನಲ್ಲಿ ಸುಮಾರು ಐದು ಪಟ್ಟು. ಜೀಪಿನಿಂದ ಜೀಪಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಗುಣಿಸಿದರೆ ಐವತ್ತು ಪಟ್ಟು.

ಎಂಜಿನ್ ಹಳತಾಗಿದೆ, 12 ಕೊಡುವುದಿಲ್ಲ, 10 ಕೊಡುತ್ತದೆ ಅಂದುಕೊಳ್ಳೋಣ. ಐವತ್ತು ಪಟ್ಟಾದರೆ 500. ಜೀಪಿನ ಚಕ್ರದ ನಡುವಿನಿಂದ ನೆಲಕ್ಕೆ ಸುಮಾರು 36 ಸೆಂಟಿಮೀಟರ್. ಭಾಗಿಸಿದರೆ ನೆಲವನ್ನು ಹಿಂದಕ್ಕೆ ತಳ್ಳುವ ಬಲ 1,390 ಕೆಜಿ ಹತ್ತಿರ ಬರುತ್ತದೆ. ಗೇರು, ಜಾಯಿಂಟು, ಬೇರಿಂಗು ಅಂತ ದಾರಿಯಲ್ಲಿ ಐದನೇ ಒಂದು ಭಾಗ ನಷ್ಟವಾಯಿತು ಅಂತಲೇ ಇಟ್ಟುಕೊಳ್ಳಿ. ಉಳಿದದ್ದು 1,100 ಕೆಜಿ.

ಈಗ ಏರಿಗೆ ಎಷ್ಟು ಬೇಕು? ಜೀಪು ಮತ್ತು ಜನ ಸೇರಿ 1,800 ಕೆಜಿ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ರಸ್ತೆ, ಅದೂ ಸಣ್ಣ ಏರಲ್ಲ. ಆ ಭಾರವನ್ನು ಮೇಲಕ್ಕೆಳೆಯಲು ಸುಮಾರು 440 ಕೆಜಿ, ಕೆಸರಿನ ಎಳೆತಕ್ಕೆ ಇನ್ನೊಂದು 150. ಒಟ್ಟು 600ರ ಹತ್ತಿರ. ಎಂಜಿನ್ನಿನ ಬಳಿ ಇರುವುದು 1,100. ಹೆಚ್ಚುಕಡಿಮೆ ಎರಡರಷ್ಟು!

ಹಾಗಾದರೆ ಜೀಪು ನಿಂತದ್ದು ಯಾಕೆ? ಟೈರು ನೆಲವನ್ನು ಹಿಡಿಯದೆ. ಒಣ ಕಾಂಕ್ರೀಟಿನ ಮೇಲೆ ಟೈರು ತನ್ನ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ಬಲವನ್ನು ಜಾರದೆ ತಡೆದುಕೊಳ್ಳುತ್ತದೆ. ಜುಲೈ ತಿಂಗಳ ಕೆಂಪು ಜೇಡಿಯಲ್ಲಿ, ಸವೆದ ಟೈರಿನಲ್ಲಿ, ಮೂರನೇ ಒಂದು ಭಾಗ ಹಿಡಿದರೆ ಪುಣ್ಯ. 1,800ರ ಮೂರನೇ ಒಂದು ಭಾಗ 600. ಅಂದರೆ ಬೇಕಾದದ್ದು 600, ಟೈರು ಹಿಡಿಯುವುದು 600, ಎಂಜಿನ್ ಕೊಡುವುದು 1,100. ಟೈರು ಸ್ವಲ್ಪ ಹೆಚ್ಚು ಸವೆದಿದ್ದರೆ, ಮಳೆ ಇನ್ನೊಂದು ಸ್ವಲ್ಪ ಜೋರಾದರೆ, ಮುಗಿಯಿತು. ಅಲ್ಲಿ ನೀವು 1,100 ಕೊಡುವ ಎಂಜಿನ್ ತೆಗೆದು 2,000 ಕೊಡುವುದನ್ನು ಕೂರಿಸಿದರೆ ಏನಾಗುತ್ತದೆ? ಚಕ್ರ ಇನ್ನೂ ಜೋರಾಗಿ ಸುತ್ತುತ್ತದೆ. ಹಿಂದೆ ನಿಂತು ತಳ್ಳುವವರ ಬಾಯಿಗೆ ಇನ್ನೂ ಜಾಸ್ತಿ ಕೆಸರು ಹಾರುತ್ತದೆ.

ಇದು ನಾವು ಕಂಡುಹಿಡಿದ ವಿಷಯವೇನಲ್ಲ. ನಮ್ಮ ಅಜ್ಜಂದಿರ ಕಾಲದ ಜೀಪು ಡ್ರೈವರುಗಳಿಗೆ ಚೆನ್ನಾಗಿ ಗೊತ್ತಿತ್ತು. ಆರಿದ್ರಾ ಮಳೆ ಹಿಡಿಯುವುದರೊಳಗೆ ಅವರು ಮಾಡುತ್ತಿದ್ದ ಮೊದಲ ಕೆಲಸ ಚೈನು ಹುಡುಕುವುದು. ಟೈರಿಗೆ ಕಬ್ಬಿಣದ ಚೈನು ಸುತ್ತಿ ಬಿಗಿದರೆ ಅದೇ 62 ಹಾರ್ಸ್‌ಪವರಿನ ಜೀಪು, ಅದೇ ಸವೆದ ಎಂಜಿನ್ನು, ಅದೇ ಏರನ್ನು ಗೊಣಗುತ್ತಾ ಹತ್ತಿಬಿಡುತ್ತಿತ್ತು. ಎಂಜಿನ್ನಿನಲ್ಲಿ ತಾಕತ್ತು ಇಲ್ಲದಿದ್ದರೆ ಚೈನು ಕಟ್ಟಿದ ಮಾತ್ರಕ್ಕೆ ಅದು ಎಲ್ಲಿಂದ ಬರುತ್ತದೆ? ಈ ಒಂದು ಪ್ರಶ್ನೆಯನ್ನು ಎಂಜಿನ್ ಮಾರುವವರಿಗೆ ಕೇಳಿ ನೋಡಿ.

ಇನ್ನೊಂದು ವಿಷಯ ಡಿಫರೆನ್ಶಿಯಲ್. ಸಾಮಾನ್ಯ ಜೀಪಿನ ಆಕ್ಸಲಿನಲ್ಲಿ ಒಂದು ಚಕ್ರ ಗಾಳಿಯಲ್ಲೋ ಗುಂಡಿಯಲ್ಲೋ ಸುತ್ತಲು ಶುರುಮಾಡಿದರೆ ಆಚೆಯ ಚಕ್ರಕ್ಕೂ ಅಷ್ಟೇ ಬಲ ಸಿಗುತ್ತದೆ, ಅಂದರೆ ಏನೂ ಇಲ್ಲ. ಫೋರ್‌ವೀಲ್ ಜೀಪು ಅಂತ ಹೆಸರೇ ಹೊರತು ಕೆಸರಿನಲ್ಲಿ ಸುತ್ತುವುದು ಹಿಂದಿನದ್ದೊಂದು, ಮುಂದಿನದ್ದೊಂದು. ಮೂಲೆಮೂಲೆಗೆ ಎರಡೇ ಚಕ್ರ. ಇದಕ್ಕೂ ಎಂಜಿನ್ನಿಗೂ ಏನು ಸಂಬಂಧ?

ನಮ್ಮಲ್ಲೊಬ್ಬರ ಮನೆಯ ಕತೆ ಹೇಳಿಬಿಡುತ್ತೇವೆ. ಈ ಬರಹ ಬರೆಯಲು ಕಾರಣವೂ ಅದೇ.

ಮೂಡಿಗೆರೆ ಕಡೆಯ ಊರು. ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಒಂದೇ ಜೀಪು ಓಡಿಸುತ್ತಿದ್ದಾರೆ, ಮನೆ ನಡೆದದ್ದು ಅದರಿಂದಲೇ. ಒಂದು ಮಳೆಗಾಲದಲ್ಲಿ ಜೀಪು ಎಳೆಯುವುದಿಲ್ಲ, ಹೊಗೆ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ ಅಂತ ಶುರುವಾಯಿತು. ಗ್ಯಾರೇಜಿನವರು ನೋಡಿದರು, ಎಂಜಿನ್ ಮುಗಿದಿದೆ ಅಂದರು. ಬಿಚ್ಚಲಿಲ್ಲ. ಕಂಪ್ರೆಶನ್ ಅಳೆಯಲಿಲ್ಲ. ಕಿವಿಯಲ್ಲೇ ತೀರ್ಪು. ಗುಜರಿಗೆ ಬಂದಿದ್ದ ಪಿಕಪ್ಪಿನ ಟರ್ಬೋ ಎಂಜಿನ್ ಒಂದು ಸಿಕ್ಕಿತು. ಎಂಜಿನ್ನು, ಕೂರಿಸುವ ಕೂಲಿ, ಹೊಸ ಮೌಂಟಿಂಗು, ಸೈಲೆನ್ಸರ್ ತಿರುಗಿಸಿದ್ದು, ಎಲ್ಲಾ ಸೇರಿ 1,80,000 ರೂಪಾಯಿ. ಹಳೇ ಎಂಜಿನ್ ಎಕ್ಸ್‌ಚೇಂಜಿಗೆ ಹೋಯಿತು. 'ಎಂಜಿನ್ನಿಗೆ ತಾಕತ್ತು ಬಂತಲ್ಲ, ಕ್ರೌನ್ ಕೂಡ ಸ್ಪೀಡಿನದ್ದು ಹಾಕಿಬಿಡೋಣ' ಅಂತ ಅದನ್ನೂ ಬದಲಿಸಿದರು.

ಮೊದಲ ಎರಡು ತಿಂಗಳು ಚಿಕ್ಕಪ್ಪನ ಮುಖ ನೋಡಬೇಕಿತ್ತು. ಟಾರು ರಸ್ತೆಯಲ್ಲಿ ಜೀಪು ಹಾರುತ್ತಿತ್ತು. ಬಸ್ಸನ್ನು ಓವರ್‌ಟೇಕ್ ಮಾಡಿದ್ದನ್ನು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಮುಂದಿನ ಜೂನ್ ಬಂತು. ಲೈನು ಮನೆಗಳ ಹತ್ತಿರದ ಏರಿನಲ್ಲಿ, ಹಲಸಿನ ಮರದ ಬುಡದಲ್ಲಿ, ಜೀಪು ಹಿಂದಿನ ವರ್ಷ ನಿಂತ ಜಾಗದಲ್ಲೇ ನಿಂತಿತು. ಟೈರು ಬದಲಿಸಿರಲಿಲ್ಲ. ದುಡ್ಡೆಲ್ಲ ಎಂಜಿನ್ನಿಗೆ ಹೋಗಿತ್ತಲ್ಲ!

ಆಮೇಲೆ ಒಂದೊಂದಾಗಿ ಬಂತು. ಕ್ಲಚ್ ಪ್ಲೇಟು ಸುಟ್ಟಿತು. ಹಳೇ ಗೇರ್‌ಬಾಕ್ಸಿಗೂ ಹೊಸ ಎಂಜಿನ್ನಿಗೂ ನಡುವೆ ಲೇತಿನಲ್ಲಿ ಕಡೆದು ಹಾಕಿದ್ದ ಪ್ಲೇಟು ಕೂದಲೆಳೆಯಷ್ಟು ಓರೆಯಾಗಿತ್ತಂತೆ, ಗೇರ್‌ಬಾಕ್ಸಿನ ಮುಂದಿನ ಬೇರಿಂಗು ಹೋಯಿತು. ಎಂಜಿನ್ನು ಭಾರ, ಮುಂದಿನ ಪ್ಲೇಟುಗಳು ಕೂತುಬಿಟ್ಟವು. ರೇಡಿಯೇಟರ್ ಹಳೆಯದು, ಏರಿನಲ್ಲಿ ನೀರು ಕುದಿಯಿತು.

ಇದೆಲ್ಲ ದುಡ್ಡಿನ ಮಾತಾಯಿತು. ನಮಗೆ ಸಿಟ್ಟು ಬಂದದ್ದು ಇದಕ್ಕಲ್ಲ.

ಹೊಸ ಎಂಜಿನ್ ಬಂದ ಮೇಲೆ ಚಿಕ್ಕಪ್ಪ ಲೋ ಹಾಕುವುದನ್ನೇ ಬಿಟ್ಟಿದ್ದರು. ಹಾಕುವ ಅಗತ್ಯವೇ ಬೀಳುತ್ತಿರಲಿಲ್ಲ, ಹೈನಲ್ಲೇ ಎಳೆಯುತ್ತಿತ್ತು. ಇಳಿಯುವಾಗಲೂ ಅದೇ ರೂಢಿ. ಮೊದಲು ಲೋ ಫಸ್ಟಿನಲ್ಲಿ ಎಂಜಿನ್ 1,500 ಸುತ್ತು ತಿರುಗುವಾಗ ಜೀಪಿನ ವೇಗ ಗಂಟೆಗೆ 4 ಕಿಲೋಮೀಟರ್, ಮನುಷ್ಯ ನಡೆಯುವಷ್ಟು. ಎಂಜಿನ್ನೇ ಜೀಪನ್ನು ಹಿಡಿದುಕೊಂಡಿರುತ್ತದೆ, ಬ್ರೇಕಿಗೆ ಕಾಲಿಡುವುದೇ ಬೇಡ. ಈಗ ಸ್ಪೀಡಿನ ಕ್ರೌನು, ಹೈ ಫಸ್ಟು: ಅದೇ 1,500 ಸುತ್ತಿಗೆ ಗಂಟೆಗೆ 12 ಕಿಲೋಮೀಟರ್. ಮೂರು ಪಟ್ಟು. ಉಳಿದದ್ದನ್ನು ಬ್ರೇಕು ನೋಡಿಕೊಳ್ಳಬೇಕು. ಬ್ರೇಕು ಹಳೆಯದೇ, ನಾಲ್ಕೂ ಚಕ್ರಕ್ಕೆ ಡ್ರಮ್ಮು, ನೀರು ಕುಡಿದ ಲೈನರು.

ಆಗಸ್ಟಿನ ಒಂದು ಸಂಜೆ ಹಿಂದೆ ಹನ್ನೊಂದು ಜನ ಹೆಂಗಸರಿದ್ದರು. ಹನ್ನೊಂದು ಹೆಚ್ಚಾಯಿತು, ಹೌದು, ಅದನ್ನು ಮುಚ್ಚಿಡುವುದಿಲ್ಲ. ಇಳಿಜಾರಿನ ಅರ್ಧಕ್ಕೆ ಪೆಡಲು ಸ್ಪಂಜಿನ ಹಾಗೆ ಒಳಗೆ ಹೋಯಿತು. ಗೇರು ಇಳಿಸಲು ನೋಡಿದರು, ಬೀಳಲಿಲ್ಲ. ಎಡಗಡೆ ಪ್ರಪಾತ, ಬಲಗಡೆ ಧರೆ. ಚಿಕ್ಕಪ್ಪ ಜೀಪನ್ನು ಧರೆಗೆ ಒರಗಿಸಿ ಉಜ್ಜಿಕೊಂಡು ಹೋಗಿ ನಿಲ್ಲಿಸಿದರು. ಒಬ್ಬರ ಮಣಿಕಟ್ಟು ಮುರಿಯಿತು, ಇಬ್ಬರಿಗೆ ತಲೆಗೆ ಹೊಲಿಗೆ. ಧರೆ ಎಡಗಡೆಗಿದ್ದು ಪ್ರಪಾತ ಬಲಗಡೆಗಿದ್ದರೆ, ಅಥವಾ ಇನ್ನೂರು ಅಡಿ ಕೆಳಗೆ ಎರಡೂ ಕಡೆ ಇಳಿಜಾರು ಇರುವ ಜಾಗದಲ್ಲಿ ಇದಾಗಿದ್ದರೆ ಏನಾಗುತ್ತಿತ್ತೆಂದು ನಾವು ಬರೆಯುವುದಿಲ್ಲ. ಮಣಿಕಟ್ಟು ಮುರಿದವರು ಎರಡು ತಿಂಗಳು ಕೆಲಸಕ್ಕೆ ಬರಲಿಲ್ಲ. ಅವರ ಕೂಲಿಯನ್ನು ಯಾವ ಟರ್ಬೋ ಕೊಟ್ಟಿತು?

ಹತ್ತುವ ತಾಕತ್ತು ಜಾಸ್ತಿ ಮಾಡಿದಾಗ ಇಳಿಯುವ ತಾಕತ್ತು ಕಮ್ಮಿಯಾಗಿದೆಯಾ ಅಂತ ಯಾರೂ ನೋಡುವುದಿಲ್ಲ. ಗ್ಯಾರೇಜಿನಲ್ಲಿ ಟ್ರಯಲ್ ಅಂದರೆ ಟಾರು ರಸ್ತೆಯಲ್ಲಿ ಒಂದು ರೌಂಡು. ಅಷ್ಟೇ.

'ಹಾಗಾದರೆ ಎಂಜಿನ್ ಬದಲಿಸಿದವರೆಲ್ಲ ಚೆನ್ನಾಗಿದೆ ಅಂತಾರಲ್ಲ, ಅವರೆಲ್ಲ ಸುಳ್ಳು ಹೇಳ್ತಾರಾ?' ಅಂತ ನೀವು ಕೇಳಬಹುದು. ಸುಳ್ಳು ಹೇಳುತ್ತಿಲ್ಲ. ಆದರೆ ಅವರು ಯಾವುದನ್ನು ಯಾವುದರ ಜೊತೆ ಹೋಲಿಸುತ್ತಿದ್ದಾರೆ ನೋಡಿ. ಹತ್ತು ವರ್ಷ ಪಂಪು ಮುಟ್ಟದ, ನಾಝಲ್ ಸೋರುವ, ವಾಲ್ವ್ ಸೆಟ್ಟಿಂಗ್ ಮಾಡಿಸದ, ಏರ್ ಕ್ಲೀನರಿನ ಆಯಿಲ್ ಗಟ್ಟಿಯಾಗಿ ಕೂತ ಎಂಜಿನ್ನಿನ ಜೊತೆ ಈಗಷ್ಟೇ ಎಲ್ಲಾ ಸರಿಮಾಡಿ ಕೂರಿಸಿದ ಎಂಜಿನ್ನನ್ನು ಹೋಲಿಸುತ್ತಾರೆ. ಸೊರಗಿದ ಎತ್ತಿನ ಜೊತೆ ಮೇಯಿಸಿದ ಎತ್ತನ್ನು ಹೋಲಿಸಿದ ಹಾಗೆ. ಹಳೇ ಎತ್ತಿಗೂ ಹುಲ್ಲು ಹಾಕಿ ನೋಡಬೇಕಿತ್ತಲ್ಲ?

ಡೀಸೆಲ್ ಎಂಜಿನ್ನಿನ ತಾಕತ್ತು ಇರುವುದು ಎರಡೇ ಕಡೆ. ಒಳಗೆ ಎಷ್ಟು ಗಾಳಿ ಒತ್ತಿಹಿಡಿಯುತ್ತದೆ, ಆ ಗಾಳಿಗೆ ಸರಿಯಾದ ಹೊತ್ತಿಗೆ ಎಷ್ಟು ಸಣ್ಣ ಹನಿಯಾಗಿ ಡೀಸೆಲ್ ಬೀಳುತ್ತದೆ. ರಿಂಗು ಸವೆದರೆ, ವಾಲ್ವ್ ಸರಿಯಾಗಿ ಕೂರದಿದ್ದರೆ ಗಾಳಿ ಸೋರುತ್ತದೆ. ನಾಝಲ್ ಹಾಳಾದರೆ ಮಂಜಿನ ಹಾಗೆ ಸಿಂಪಡಿಸಬೇಕಾದ ಡೀಸೆಲ್ ನಲ್ಲಿಯ ಹಾಗೆ ತೊಟ್ಟಿಕ್ಕುತ್ತದೆ, ಪೂರ್ತಿ ಉರಿಯುವುದಿಲ್ಲ, ಕಪ್ಪು ಹೊಗೆಯಾಗಿ ಆಚೆ ಹೋಗುತ್ತದೆ. ನಮ್ಮ ಜನ ಇವತ್ತಿಗೂ ಮೈಕೋ ಪಂಪು ಅಂತಲೇ ಕರೆಯುವ ಆ ಪಂಪನ್ನು ಬೆಂಚಿಗೆ ಕಟ್ಟಿ ಕ್ಯಾಲಿಬ್ರೇಶನ್ ಮಾಡುವವರು ಇವತ್ತಿಗೂ ಜಿಲ್ಲಾ ಕೇಂದ್ರಗಳಲ್ಲಿದ್ದಾರೆ. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ಇದ್ದ ನಾಡು ಇದು, ಪಂಪು ಕೆಲಸ ಬಲ್ಲವರಿಗೆ ಬರವಿಲ್ಲ. ಪ್ಯೂಜೋ ಎಂಜಿನ್ನಿಗೆ ಇನ್ನೊಂದು ತೊಂದರೆಯೂ ಇದೆ. ಅದಕ್ಕೆ ಚಳಿಯಲ್ಲಿ ಸ್ಟಾರ್ಟ್ ಆಗಲು ಹೀಟರ್ ಪ್ಲಗ್ ಬೇಕೇ ಬೇಕು. ನಾಲ್ಕರಲ್ಲಿ ಎರಡು ಸತ್ತಿದ್ದರೆ ಬೆಳಿಗ್ಗೆ ಬಿಳಿ ಹೊಗೆ ಕಾರುತ್ತಾ ಒದ್ದಾಡುತ್ತದೆ. ಅದನ್ನು ನೋಡಿ 'ಕಂಪ್ರೆಶನ್ ಹೋಗಿದೆ' ಅಂತ ಎಂಜಿನ್ ಎತ್ತಿಸಿದವರಿದ್ದಾರೆ. ಪ್ಲಗ್ಗಿನ ಬೆಲೆಗೂ ಎಂಜಿನ್ನಿನ ಬೆಲೆಗೂ ಎಷ್ಟು ಅಂತರ ಅಂತ ನೀವೇ ಅಂಗಡಿಯಲ್ಲಿ ಕೇಳಿ.

ಚಿಕ್ಕಪ್ಪನ ಹಳೇ ಎಂಜಿನ್ನಿಗೆ ಏನಾಗಿತ್ತೆಂದು ಈಗ ಗೊತ್ತಾಗುವಂತಿಲ್ಲ. ಪಂಪು ಬಿಚ್ಚಿಸಿ ಒಂಬತ್ತು ವರ್ಷವಾಗಿತ್ತು ಅಂತ ಮಾತ್ರ ಗೊತ್ತು.

ಇನ್ನು ಕೆಲವರು ಎಂಜಿನ್ ಬದಲಿಸುವುದಿಲ್ಲ, ಪಂಪಿನ ಸ್ಕ್ರೂ ತಿರುಗಿಸುತ್ತಾರೆ. ಡೀಸೆಲ್ ಜಾಸ್ತಿ ಬಿಟ್ಟರೆ ತಾಕತ್ತು ಜಾಸ್ತಿ ಅನ್ನುವ ಲೆಕ್ಕ. ಟರ್ಬೋ ಇಲ್ಲದ ಎಂಜಿನ್ ಎಳೆದುಕೊಳ್ಳುವ ಗಾಳಿ ಇಷ್ಟೇ ಅಂತ ಇರುತ್ತದೆ. ಅದಕ್ಕೆ ಹೊಂದುವ ಡೀಸೆಲ್ ದಾಟಿದ ಮೇಲೆ ಸ್ಕ್ರೂ ತಿರುಗಿಸಿದಷ್ಟೂ ಬರುವುದು ಹೊಗೆ ಮತ್ತು ಬಿಸಿ. ಪಿಸ್ಟನ್ನಿನ ತಲೆ ಕರಗಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ, ಬೆಲ್ಲದ ಅಚ್ಚನ್ನು ಇರುವೆ ತಿಂದ ಹಾಗಿತ್ತು. ಹಳೇ ಪ್ಯೂಜೋಗೆ ಹೊರಗಿನಿಂದ ಟರ್ಬೋ ಸಿಕ್ಕಿಸುವವರೂ ಇದ್ದಾರೆ. ಮೊದಲೇ 20 ಪಟ್ಟಿಗೂ ಹೆಚ್ಚು ಗಾಳಿ ಒತ್ತುವ ಎಂಜಿನ್ ಅದು. ಮೇಲಿಂದ ಇನ್ನಷ್ಟು ಗಾಳಿ ತುರುಕಿದರೆ ಮೊದಲು ಹೇಳಿಕೊಳ್ಳುವುದು ಹೆಡ್ ಗ್ಯಾಸ್ಕೆಟ್.

ಈಗ ನಮ್ಮ ವಿರುದ್ಧದ ಮಾತನ್ನೂ ನಾವೇ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗುವುದಿಲ್ಲ.

ಎಂಜಿನ್ನಿನ ತಾಕತ್ತು ನಿಜವಾಗಿ ಬೇಕಾಗುವ ಜಾಗಗಳಿವೆ. ಚಾರ್ಮಾಡಿ ಅಥವಾ ಆಗುಂಬೆ ಘಾಟಿಯನ್ನು ಭಾರ ಹೇರಿಕೊಂಡು ಹತ್ತುವುದು ಟಾರು ರಸ್ತೆಯ ಕೆಲಸ. ಅಲ್ಲಿ ಲೋ ಹಾಕಿ ನಡೆಯುವ ವೇಗದಲ್ಲಿ ಹೋಗಲಾಗುವುದಿಲ್ಲ, ಹಿಂದೆ ಸಾಲು ನಿಲ್ಲುತ್ತದೆ. ಅಲ್ಲಿ ಹಾರ್ಸ್‌ಪವರ್ ಲೆಕ್ಕಕ್ಕೆ ಬರುತ್ತದೆ. ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಪ್ರತಿ ಸಾವಿರ ಅಡಿಗೆ ಟರ್ಬೋ ಇಲ್ಲದ ಎಂಜಿನ್ ಸುಮಾರು ಶೇ 3ರಷ್ಟು ಸೊರಗುತ್ತದೆ, ಗಾಳಿ ತೆಳ್ಳಗಾಗುವುದರಿಂದ. ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, 6,300 ಅಡಿಗೂ ಮೇಲೆ. ಆ ಎತ್ತರದಲ್ಲಿ 62 ಹಾರ್ಸ್‌ಪವರಿನ ಎಂಜಿನ್ನು 50ರ ಆಸುಪಾಸಿಗೆ ಇಳಿದಿರುತ್ತದೆ. ಟರ್ಬೋ ಇದ್ದರೆ ಈ ನಷ್ಟ ಬಹಳ ಕಡಿಮೆ. ದಿನವೂ ಅಂಥ ಎತ್ತರಕ್ಕೆ ಪ್ರವಾಸಿಗರನ್ನು ಒಯ್ಯುವವರು ಟರ್ಬೋ ಬೇಕು ಅಂದರೆ ನಾವು ನಗುವುದಿಲ್ಲ.

ಮಹೀಂದ್ರಾದ 2523 ಸಿಸಿ ಡಿಐ ಎಂಜಿನ್ನಿನ ವಿಷಯವನ್ನೂ ಬೇರೆಯಾಗಿ ನೋಡಬೇಕು. ಅದರ ಬೇರು ಟ್ರ್ಯಾಕ್ಟರಿನ ಕಡೆಯದು. 2010ರಲ್ಲಿ ಬಂದ ಥಾರ್ ಡಿಐಗೆ ಹಾಕಿದ್ದು ಇದನ್ನೇ, 63 ಹಾರ್ಸ್‌ಪವರ್. ಗಮನಿಸಿ, ಹಳೇ ಪ್ಯೂಜೋಗಿಂತ ಒಂದೇ ಒಂದು ಹೆಚ್ಚು. ಆದರೆ ಟಾರ್ಕ್ ಸುಮಾರು 18 ಕೆಜಿ-ಮೀಟರ್, ಅದೂ 1,500 ಸುತ್ತಿನ ಹತ್ತಿರವೇ. ಅಂದರೆ ಒಂದೂವರೆ ಪಟ್ಟು ತಿರುವು, ಕೂಗಾಡದೆ. ಗೇರು ಬದಲಿಸುವ ಕಷ್ಟ ಕಡಿಮೆ, ಲೋಡು ಹೇರಿದಾಗ ಆರಾಮ. ಹಳೇ ಎಂಜಿನ್ನು ನಿಜವಾಗಿಯೂ ಸತ್ತಿದ್ದರೆ, ಕ್ರ್ಯಾಂಕು, ಬ್ಲಾಕು ಕೈಬಿಟ್ಟಿದ್ದರೆ, ಡಿಐ ಕೂರಿಸುವುದು ತಿಳಿಗೇಡಿತನವೇನಲ್ಲ. ಗದ್ದಲ ಮತ್ತು ನಡುಕ ಸಹಿಸಿಕೊಳ್ಳಬೇಕು ಅಷ್ಟೇ. ಆದರೆ ಅದನ್ನು ಕೂಡ 'ಕೆಸರು ಹತ್ತುತ್ತೆ' ಅಂತ ಮಾರಬೇಡಿ. 'ಎಳೆಯೋಕೆ ಆರಾಮ' ಅಂತ ಮಾರಿ.

ಅದೇ ವರ್ಷ ಅದೇ ಕಂಪನಿ ಥಾರಿನ ಇನ್ನೊಂದು ಮಾದರಿಗೆ 105 ಹಾರ್ಸ್‌ಪವರಿನ ಸಿಆರ್‌ಡಿಇ ಎಂಜಿನ್ ಹಾಕಿತು. ಆದರೆ ಡಿಐ ಥಾರಿನ ಚಾಸಿಗೆ ಎಂಜಿನ್ ಮಾತ್ರ ಇಳಿಸಿ ಕೈತೊಳೆದುಕೊಳ್ಳಲಿಲ್ಲ, ಮುಂದಿನ ಸಸ್ಪೆನ್ಶನ್ನಿನ ರಚನೆಯನ್ನೇ ಬೇರೆ ಮಾಡಿತು. ಕಂಪನಿಯ ಎಂಜಿನಿಯರುಗಳಿಗೆ ಬೇಕಾದದ್ದು ನಮ್ಮ ಗ್ಯಾರೇಜಿನವರಿಗೆ ಬೇಡವೇ? ಇನ್ನು ಸಿಆರ್‌ಡಿಇ ಎಂಜಿನ್ನನ್ನು ಹಳೇ ಜೀಪಿಗೆ ತರುವವರು ಅದರ ಜೊತೆ ಒಂದು ಕಂಪ್ಯೂಟರ್ ಡಬ್ಬಿಯನ್ನೂ, ಹತ್ತಾರು ವೈರುಗಳನ್ನೂ, ಸೆನ್ಸರುಗಳನ್ನೂ ತರುತ್ತಾರೆ. ಹಳೇ ಎಂಜಿನ್ನು ಒಮ್ಮೆ ಸ್ಟಾರ್ಟ್ ಆದರೆ ಕರೆಂಟಿನ ಹಂಗು ಹೆಚ್ಚಿಲ್ಲದೆ ಓಡುತ್ತಿತ್ತು. ಹಳ್ಳ ದಾಟುವಾಗ ಒಂದು ಕನೆಕ್ಟರಿಗೆ ನೀರು ಹೋಗಿ ಕಾಡಿನ ನಡುವೆ ನಿಂತಾಗ ಸ್ಪ್ಯಾನರು ಹಿಡಿದು ಬರುವ ನಿಮ್ಮೂರಿನ ಮೇಸ್ತ್ರಿ ಏನು ಮಾಡಬೇಕು?

ಕಾನೂನಿನ ಮಾತನ್ನು ಚುಟುಕಾಗಿ ಹೇಳುತ್ತೇವೆ, ಯಾಕೆಂದರೆ ಗ್ಯಾರೇಜಿನಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಹೇಳಿದ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ನಿನಲ್ಲಿ ಮಾಲೀಕನಿಗೆ 6 ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಶಿಕ್ಷೆ ಮಾಲೀಕನಿಗೆ. ಎಂಜಿನ್ ಬದಲಿಸಲೇಬೇಕಾದರೆ ಮೊದಲು ಆರ್‌ಟಿಒ ಕಚೇರಿಗೆ ಹೋಗಿ, ಯಾವುದಕ್ಕೆ ಒಪ್ಪಿಗೆ ಸಿಗುತ್ತದೆ ಅಂತ ಕೇಳಿ, ಆಮೇಲೆ ಎಂಜಿನ್ ನೋಡಲು ಹೋಗಿ. ಚಿಕ್ಕಪ್ಪ ಇದನ್ನು ಮಾಡಿರಲಿಲ್ಲ. ಧರೆಗೆ ಒರಗಿದ ಜೀಪಿನ ಆರ್‌ಸಿಯಲ್ಲಿ ಒಂದು ಎಂಜಿನ್ ನಂಬರು, ಬಾನೆಟ್ಟಿನ ಒಳಗೆ ಇನ್ನೊಂದು. ಇನ್ಶೂರೆನ್ಸಿನ ವಿಷಯ ಅಲ್ಲಿಗೇ ಮುಗಿಯಿತು. ಆಸ್ಪತ್ರೆಯ ಬಿಲ್ಲೆಲ್ಲ ಮನೆಯಿಂದಲೇ ಹೋಯಿತು.

ಅದೇ ದುಡ್ಡನ್ನು ಎಲ್ಲಿ ಹಾಕಬೇಕಿತ್ತು? ಮೊದಲು ಬ್ರೇಕು. ಲೈನರು, ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರಿನ ರಬ್ಬರು, ಹೊಸ ಆಯಿಲು. ಹತ್ತದ ಜೀಪಿನಿಂದ ಯಾರೂ ಸಾಯುವುದಿಲ್ಲ, ನಿಲ್ಲದ ಜೀಪಿನಿಂದ ಸಾಯುತ್ತಾರೆ. ಆಮೇಲೆ ಟೈರು: ನಾಲ್ಕೂ ಒಂದೇ ಅಳತೆಯ, ಆಳದ ಕಚ್ಚಿರುವ ಬಟನ್ ಟೈರು. ಫೋರ್‌ವೀಲಿಗೆ ನಾಲ್ಕೂ ಒಂದೇ ಅಳತೆ ಇರಲೇಬೇಕು, ಹಿಂದೆ ಹೊಸದು ಮುಂದೆ ಬೋಳು ಹಾಕಿದರೆ ಗೇರುಗಳು ಒಳಗೊಳಗೇ ಕಾದಾಡುತ್ತವೆ. ಕೆಸರಿನಲ್ಲಿ ಟೈರಿನ ಗಾಳಿ ಸ್ವಲ್ಪ ಇಳಿಸಿದರೆ ಟೈರು ಅಗಲವಾಗಿ ನೆಲ ಹಿಡಿಯುತ್ತದೆ, ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆದರೆ ಟ್ಯೂಬ್ ಟೈರಿನಲ್ಲಿ ತೀರಾ ಇಳಿಸಬೇಡಿ, ರಿಮ್ಮಿನೊಳಗೆ ಟೈರು ಜಾರಿ ವಾಲ್ವನ್ನೇ ಕಿತ್ತು ತರುತ್ತದೆ. ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಿ. ಚೈನು ಒಂದು ಜೊತೆ ಸೀಟಿನ ಕೆಳಗೆ ಇರಲಿ. ಇಷ್ಟಾದ ಮೇಲೆ ಪಂಪು, ನಾಝಲ್, ಹೀಟರ್ ಪ್ಲಗ್, ವಾಲ್ವ್ ಸೆಟ್ಟಿಂಗು. ಇಷ್ಟೂ ಆದಮೇಲೆ ಕಂಪ್ರೆಶನ್ ಅಳೆಸಿ. ಆಗಲೂ ಎಂಜಿನ್ ಸತ್ತಿದೆ ಅಂತ ಮೀಟರು ಹೇಳಿದರೆ ಎಂಜಿನ್ನಿನ ಮಾತಾಡೋಣ.

ಇನ್ನೂ ದುಡ್ಡು ಉಳಿದಿದ್ದರೆ, ಮತ್ತು ನಿಮ್ಮ ದಾರಿ ಅಷ್ಟು ಕೆಟ್ಟದಿದ್ದರೆ, ಹಿಂದಿನ ಆಕ್ಸಲಿಗೆ ಲಾಕ್ ಆಗುವ ಡಿಫರೆನ್ಶಿಯಲ್ ವಿಚಾರಿಸಿ. ಇದಕ್ಕೂ ಆರ್‌ಟಿಒದಲ್ಲಿ ಒಂದು ಮಾತು ಕೇಳಿಕೊಂಡೇ ಮುಂದುವರಿಯಿರಿ. ಮೂಲೆಮೂಲೆಯ ಎರಡು ಚಕ್ರ ಮೂರಾಗುತ್ತದೆ. ಯಾವ ಟರ್ಬೋದಿಂದಲೂ ಇದು ಆಗುವುದಿಲ್ಲ.

ರ‍್ಯಾಲಿಗೆ ಹೋಗುವ ಹುಡುಗರ ಬಗ್ಗೆ ನಮಗೆ ಜಗಳವಿಲ್ಲ. ಅವರ ದುಡ್ಡು, ಅವರ ಮಜಾ, ಅವರ ಬೆನ್ನುಮೂಳೆ. ಬೇಲಿ ಹಾಕಿದ ಜಾಗದಲ್ಲಿ, ಹೆಲ್ಮೆಟ್ ಹಾಕಿಕೊಂಡು, ರೋಲ್ ಕೇಜ್ ಕಟ್ಟಿಕೊಂಡು ಮಾಡುತ್ತಾರೆ. ಜಗಳ ಇರುವುದು ಆ ವಿಡಿಯೋಗಳನ್ನು ಆಳು ಸಾಗಿಸುವ ಜೀಪಿನವನಿಗೆ ತೋರಿಸಿ ಎಂಜಿನ್ ಮಾರುವವರ ಜೊತೆ. ವಿಡಿಯೋದಲ್ಲಿ ಆ ಜೀಪಿನ ಟೈರು ಯಾವುದು ಅಂತ ಒಮ್ಮೆ ನಿಲ್ಲಿಸಿ ನೋಡಿ. ಎದೆಯುದ್ದದ, ಉಳಿಯಂಥ ಕಚ್ಚಿರುವ ಟೈರು ಇರುತ್ತದೆ. ಹತ್ತಿಸಿದ್ದು ಅದು. ಕೀರ್ತಿ ಮಾತ್ರ ಬಾನೆಟ್ಟಿನ ಒಳಗಿದ್ದದ್ದಕ್ಕೆ.

ಚಿಕ್ಕಪ್ಪನ ಜೀಪಿಗೆ ಹಳೇ ಕ್ರೌನು ವಾಪಸ್ ಬಂತು, ಬ್ರೇಕು ಪೂರ್ತಿ ಹೊಸದಾಯಿತು, ನಾಲ್ಕು ಟೈರು ಬಂತು, ಎಂಟಕ್ಕಿಂತ ಹೆಚ್ಚು ಜನ ಹತ್ತಿಸುವುದಿಲ್ಲ ಅಂತ ಚಿಕ್ಕಮ್ಮ ಮಾತು ತೆಗೆದುಕೊಂಡಿದ್ದಾರೆ. ಎಂಜಿನ್ನಿನ ಕಾಗದಪತ್ರದ ಓಡಾಟ ಇನ್ನೂ ಮುಗಿದಿಲ್ಲ, ಅಲ್ಲಿಯವರೆಗೆ ಜೀಪು ಕೊಟ್ಟಿಗೆಯಲ್ಲೇ ಇದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಹೋಗುತ್ತಿದೆ.

ನಾವು ಹೇಳಿದ್ದು ತಪ್ಪು ಅನ್ನುವ ಮೇಸ್ತ್ರಿಗಳು, ಜೀಪಿನವರು ಇದ್ದರೆ ಬನ್ನಿ, ಕಾದಾಟ ಬೇಡ, ಪರೀಕ್ಷೆ ಮಾಡೋಣ. ಎಂಜಿನ್ ಬದಲಿಸುವ ಮೊದಲು ನಮಗೆ ಹೇಳಿ. ಒಂದು ಏರು ಗುರುತು ಮಾಡೋಣ, ಮಳೆ ಬಿದ್ದ ಮರುದಿನ, ಚೀಲದಲ್ಲಿ ಮರಳು ತುಂಬಿ ಇಂತಿಷ್ಟೇ ಭಾರ ಹೇರೋಣ, ಜನರನ್ನು ಕೂರಿಸುವುದು ಬೇಡ. ಜೀಪು ಎಲ್ಲಿಯವರೆಗೆ ಹೋಯಿತೋ ಅಲ್ಲಿ ಗೂಟ ಹೊಡೆಯೋಣ. ಎಂಜಿನ್ ಬದಲಿಸಿದ ಮೇಲೆ ಅದೇ ಏರು, ಅಂಥದ್ದೇ ಮಳೆಯ ಮರುದಿನ, ಅದೇ ಭಾರ, ಮತ್ತೊಂದು ಗೂಟ. ಎರಡು ಗೂಟಗಳ ನಡುವೆ ಎಷ್ಟು ಅಂತರ ಬಂತೋ ಟೇಪು ಹಿಡಿದು ಅಳೆದು, ಫೋಟೋ ಸಮೇತ ಇಲ್ಲೇ ಹಾಕುತ್ತೇವೆ, ನಾವು ಸೋತರೂ ಹಾಕುತ್ತೇವೆ. ಒಂದೇ ಷರತ್ತು: ನಡುವೆ ಟೈರು ಬದಲಿಸುವ ಹಾಗಿಲ್ಲ.